ಹಳೆಯ ಯಂತ್ರಗಳಿಗೆ ಹೊಸ ಜಾಲ: ಸಣ್ಣ ಕಾರ್ಖಾನೆಗಳ ನಿಯಂತ್ರಣ ವ್ಯವಸ್ಥೆಯ ಆಧುನೀಕರಣ

ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ ಮುಂತಾದ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷಗಳಷ್ಟು ಹಳೆಯದಾದ ಯಂತ್ರಗಳು ಇಂದಿಗೂ ದುಡಿಯುತ್ತಿರುವುದು ಸಾಮಾನ್ಯ ಸಂಗತಿ. ಈ ಯಂತ್ರಗಳ ಕಬ್ಬಿಣದ ಒಡಲು ಗಟ್ಟಿಯಾಗಿಯೇ ಇರುತ್ತದೆ. ಬೇರಿಂಗ್ ಬದಲಾಯಿಸಿ ಹಾಸುಗಳನ್ನು ಕೆರೆದು ಸರಿಪಡಿಸಿದರೆ ಮತ್ತೆ ಹತ್ತು ವರ್ಷ ಕೆಲಸ ನೀಡಬಲ್ಲವು. ಆದರೆ ಅವುಗಳ ನಿಯಂತ್ರಣ ಫಲಕದ ಸ್ಥಿತಿ ಹಾಗಿರುವುದಿಲ್ಲ. ಒಂದು ಇಲೆಕ್ಟ್ರಾನಿಕ್ ಕಾರ್ಡ್ ಸುಟ್ಟುಹೋದರೆ ತಯಾರಕರಲ್ಲಿ ಬಿಡಿಭಾಗ ದೊರೆಯುವುದಿಲ್ಲ, ಹಳೆಯ ಸಾಮಾನಿನ ವ್ಯಾಪಾರಿಗಳ ಬಳಿ ಹುಡುಕಬೇಕಾಗುತ್ತದೆ. ಅದು ಸಿಗುವವರೆಗೆ ಯಂತ್ರ ನಿಲ್ಲುತ್ತದೆ, ಗ್ರಾಹಕನಿಗೆ ಕೊಟ್ಟ ಮಾತು ತಪ್ಪುತ್ತದೆ.

ಇದರ ಜೊತೆಗೆ ಇನ್ನೊಂದು ಒತ್ತಡವೂ ಸೇರಿಕೊಂಡಿದೆ. ದೊಡ್ಡ ಉದ್ದಿಮೆಗಳು ತಮಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಿಂದ ಸರಕಿನ ಜೊತೆಗೆ ಅದರ ಚರಿತ್ರೆಯನ್ನೂ ಕೇಳತೊಡಗಿವೆ. ಯಾವ ತಂಡದ ಸರಕು, ಯಾವ ಯಂತ್ರದಲ್ಲಿ, ಎಷ್ಟು ಉಷ್ಣತೆಯಲ್ಲಿ, ಯಾವ ಪಾಳಿಯಲ್ಲಿ ತಯಾರಾಯಿತು ಎಂಬ ದಾಖಲೆ ಇಲ್ಲದಿದ್ದರೆ, ಒಂದು ದೋಷಯುಕ್ತ ಭಾಗಕ್ಕಾಗಿ ಇಡೀ ತಿಂಗಳ ಸರಬರಾಜು ಹಿಂದಿರುಗುವ ಅಪಾಯವಿದೆ. ಈ ಎರಡು ಸಮಸ್ಯೆಗಳಿಗೂ ಪರಿಹಾರವೆಂದು ಇಂದು ಮುಂದಿಡಲಾಗುತ್ತಿರುವುದು ಕೈಗಾರಿಕಾ ವಸ್ತುಜಾಲ, ಅಂದರೆ ಯಂತ್ರೋಪಕರಣಗಳನ್ನು ಅಂತರಜಾಲದ ತಂತ್ರಗಳ ಮೂಲಕ ಪರಸ್ಪರ ಹಾಗೂ ಗಣಕದೊಡನೆ ಜೋಡಿಸುವ ವ್ಯವಸ್ಥೆ. ಸಣ್ಣ ಉದ್ಯಮಿಯ ಮುಂದಿರುವ ಪ್ರಶ್ನೆ ಈ ತಂತ್ರಜ್ಞಾನ ಒಳ್ಳೆಯದೋ ಕೆಟ್ಟದೋ ಎಂಬುದಲ್ಲ. ಎಷ್ಟು, ಯಾವ ಕ್ರಮದಲ್ಲಿ, ಯಾವ ಲಾಭಕ್ಕಾಗಿ ಎಂಬುದೇ ನಿಜವಾದ ಪ್ರಶ್ನೆ.

ನಿಯಂತ್ರಣ ಫಲಕ ನಡೆದುಬಂದ ದಾರಿ

ಆರಂಭದಲ್ಲಿ ಯಂತ್ರಗಳ ಸ್ವಯಂಚಾಲನೆ ನಡೆಯುತ್ತಿದ್ದುದು ರಿಲೇಗಳ ಮೂಲಕ. ನೂರಾರು ರಿಲೇಗಳನ್ನು ತಂತಿಗಳಿಂದ ಹೆಣೆದ ದೊಡ್ಡ ಪೆಟ್ಟಿಗೆಯೇ ಯಂತ್ರದ ಮಿದುಳಾಗಿತ್ತು. ಕೆಲಸದ ಕ್ರಮದಲ್ಲಿ ಸಣ್ಣ ಬದಲಾವಣೆ ಬೇಕಾದರೂ ತಂತಿಗಳನ್ನು ಕಿತ್ತು ಮರುಜೋಡಿಸಬೇಕಾಗಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗವು 1968ರಲ್ಲಿ ಈ ತೊಂದರೆಯನ್ನು ನಿವಾರಿಸುವ ಸಾಧನ ಬೇಕೆಂದು ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಮೋಡಿಕಾನ್ 084 ಎಂಬ ಸಾಧನ ಇದಕ್ಕೆ ಉತ್ತರವಾಯಿತು. ಇಂದು ಪಿ.ಎಲ್.ಸಿ. ಎಂದು ಕರೆಯಲಾಗುವ ನಿಯಂತ್ರಕಗಳ ವಂಶ ಅಲ್ಲಿಂದ ಆರಂಭವಾಯಿತು.

ಅದೇ ಮೋಡಿಕಾನ್ ಸಂಸ್ಥೆಯು 1979ರಲ್ಲಿ ನಿಯಂತ್ರಕಗಳು ಪರಸ್ಪರ ಮಾತನಾಡಲು ಮೋಡ್‌ಬಸ್ ಎಂಬ ಸಂವಹನ ಭಾಷೆಯನ್ನು ಪ್ರಕಟಿಸಿತು. ನಲವತ್ತು ವರ್ಷಗಳು ಕಳೆದ ಮೇಲೂ ವಿದ್ಯುತ್ ಮೀಟರುಗಳು, ಮೋಟಾರ್ ವೇಗ ನಿಯಂತ್ರಕಗಳು ಹಾಗೂ ಉಷ್ಣತಾ ನಿಯಂತ್ರಕಗಳು ಬಹುಪಾಲು ಇದೇ ಭಾಷೆಯನ್ನು ಬಲ್ಲವು. ಇದು ಸಣ್ಣ ಉದ್ಯಮಿಗೆ ಒಂದು ದೊಡ್ಡ ಅನುಕೂಲ. ಆದರೆ ಇದರಲ್ಲಿ ಗುಪ್ತಪದವಾಗಲಿ, ಕೇಳುವವನು ಯಾರೆಂದು ಪರೀಕ್ಷಿಸುವ ಏರ್ಪಾಡಾಗಲಿ ಇಲ್ಲವೆಂಬುದನ್ನೂ ಮರೆಯಬಾರದು. ಕಾರ್ಖಾನೆಯ ನಾಲ್ಕು ಗೋಡೆಗಳ ಒಳಗಿನ ಬಳಕೆಗೆಂದು ರೂಪಿಸಿದ ಭಾಷೆ ಅದು.

ಗೋಡೆಯಾಚೆಗೆ ಮಾಹಿತಿ ಸಾಗಿಸಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಎಂ.ಕ್ಯು.ಟಿ.ಟಿ. ಎಂಬ ವಿಧಾನ. 1999ರಲ್ಲಿ ಐ.ಬಿ.ಎಂ. ಸಂಸ್ಥೆಯ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಹಾಗೂ ಆರ್ಲೆನ್ ನಿಪ್ಪರ್ ಅವರು ದೂರದ ತೈಲ ಕೊಳವೆ ಮಾರ್ಗಗಳ ಮಾಹಿತಿಯನ್ನು ದುಬಾರಿ ಉಪಗ್ರಹ ಸಂಪರ್ಕದ ಮೂಲಕ ಮಿತವ್ಯಯದಲ್ಲಿ ತರಿಸಲು ಇದನ್ನು ರೂಪಿಸಿದರು. ಸಂಪರ್ಕ ಕಡಿದುಹೋದರೂ ಮತ್ತೆ ಕೂಡಿಕೊಂಡು ಕೆಲಸ ಮುಂದುವರಿಸುವ ಗುಣ ಇದಕ್ಕಿರುವುದರಿಂದ ವಿದ್ಯುತ್ ಮತ್ತು ಅಂತರಜಾಲ ಪದೇ ಪದೇ ಕೈಕೊಡುವ ಕೈಗಾರಿಕಾ ಪ್ರದೇಶಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಜರ್ಮನಿಯ ಹ್ಯಾನೋವರ್ ಮೇಳದಲ್ಲಿ 2011ರಲ್ಲಿ ಇಂಡಸ್ಟ್ರಿ 4.0 ಎಂಬ ಹೆಸರು ಚಾಲ್ತಿಗೆ ಬಂದ ಮೇಲೆ ಈ ಎಲ್ಲ ಬಿಡಿ ಎಳೆಗಳು ಒಂದೇ ಹಗ್ಗವಾಗಿ ಹೊಸೆದುಕೊಂಡವು.

ಮೂರು ಬಗೆಯ ಯಂತ್ರ, ಮೂರು ಬಗೆಯ ಜೋಡಣೆ

ಆಧುನೀಕರಣ ಎಂದೊಡನೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕೆಂದು ಅರ್ಥವಲ್ಲ. ಸಾಮಾನ್ಯವಾಗಿ ಒಂದು ಕಾರ್ಖಾನೆಯಲ್ಲಿ ಮೂರು ಬಗೆಯ ಯಂತ್ರಗಳಿರುತ್ತವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಮಾರ್ಗವಿದೆ.

ಮೊದಲನೆಯದು, ಯಾವ ಇಲೆಕ್ಟ್ರಾನಿಕ್ಸ್ ಕೂಡ ಇಲ್ಲದ ಲೇತ್, ಪವರ್ ಪ್ರೆಸ್, ಡ್ರಿಲ್ಲಿಂಗ್ ಯಂತ್ರಗಳು. ಇವುಗಳ ಒಳಗೆ ಕೈಹಾಕುವ ಅಗತ್ಯವೇ ಇಲ್ಲ. ಮೋಟಾರಿನ ತಂತಿಯ ಸುತ್ತ ವಿದ್ಯುತ್ ಅಳೆಯುವ ಒಂದು ಉಂಗುರವನ್ನು ತೊಡಿಸಿದರೆ ಯಂತ್ರ ನಿಂತಿದೆಯೇ, ಖಾಲಿ ಓಡುತ್ತಿದೆಯೇ, ಕೆಲಸ ಮಾಡುತ್ತಿದೆಯೇ ಎಂಬುದನ್ನು ವಿದ್ಯುತ್ ಸೆಳೆತದಿಂದಲೇ ತಿಳಿಯಬಹುದು. ಪ್ರೆಸ್‌ನ ಹೊಡೆತಗಳನ್ನು ಎಣಿಸಲು ಒಂದು ಸಾಮೀಪ್ಯ ಸಂವೇದಕ ಸಾಕು.

ಎರಡನೆಯದು, ರಿಲೇ ಫಲಕ ಅಥವಾ ಹಳೆಯ ಪಿ.ಎಲ್.ಸಿ. ಹೊಂದಿರುವ ಕುಲುಮೆಗಳು, ಪ್ಲಾಸ್ಟಿಕ್ ಅಚ್ಚಿನ ಯಂತ್ರಗಳು, ಬಾಯ್ಲರುಗಳು. ಫಲಕವು ಬಿಡಿಭಾಗ ಸಿಗದ ಹಂತ ತಲುಪಿದ್ದರೆ ನಿಯಂತ್ರಕವನ್ನೇ ಬದಲಾಯಿಸುವುದು ಉಚಿತ. ಆಗ ಮೋಟಾರು, ಕವಾಟ, ಸಂವೇದಕಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಹಳೆಯ ಸಂವೇದಕಗಳು ನೀಡುವ 4ರಿಂದ 20 ಮಿಲಿ ಆಂಪಿಯರ್ ಸಂಕೇತವನ್ನು ಇಂದಿನ ನಿಯಂತ್ರಕಗಳೂ ಸ್ವೀಕರಿಸುತ್ತವೆ. ಫಲಕ ಇನ್ನೂ ಸುಸ್ಥಿತಿಯಲ್ಲಿದ್ದರೆ ಅದನ್ನು ಮುಟ್ಟದೆ, ಅದರ ಸಂವಹನ ದ್ವಾರಕ್ಕೆ ಗೇಟ್‌ವೇ ಎಂಬ ಸಣ್ಣ ಪೆಟ್ಟಿಗೆಯನ್ನು ಜೋಡಿಸಿದರೆ ಸಾಕು. ಅದು ಒಂದು ಕಡೆ ಮೋಡ್‌ಬಸ್‌ನಲ್ಲಿ ಓದಿ ಇನ್ನೊಂದು ಕಡೆ ಎಂ.ಕ್ಯು.ಟಿ.ಟಿ.ಯಲ್ಲಿ ರವಾನಿಸುತ್ತದೆ.

ಮೂರನೆಯದು, ಸಿ.ಎನ್.ಸಿ. ಯಂತ್ರಗಳು. ಇವುಗಳಲ್ಲಿ ಮಾಹಿತಿ ಈಗಾಗಲೇ ಇದೆ, ಹೊರತೆಗೆಯುವುದಷ್ಟೇ ಬಾಕಿ. ಇತ್ತೀಚಿನ ಮಾದರಿಗಳಲ್ಲಿ ಜಾಲದ ದ್ವಾರ ಇರುತ್ತದೆ. ಆದರೆ ಕೆಲವು ತಯಾರಕರು ಆ ದ್ವಾರವನ್ನು ತೆರೆಯಲು ಪ್ರತ್ಯೇಕ ಶುಲ್ಕ ಕೇಳುವುದುಂಟು. ಹೊಸ ಯಂತ್ರ ಖರೀದಿಸುವಾಗಲೇ ಇದನ್ನು ಖರೀದಿ ಆದೇಶದಲ್ಲಿ ಸೇರಿಸಿದರೆ ಮುಂದಿನ ಖರ್ಚು ಉಳಿಯುತ್ತದೆ.

ತಂತಿ ಎಳೆಯಲಾಗದ ದೊಡ್ಡ ಆವರಣಗಳಲ್ಲಿ ದೂರದ ನೀರಿನ ತೊಟ್ಟಿ, ಡೀಸೆಲ್ ಜನರೇಟರ್ ಮುಂತಾದವುಗಳಿಗೆ ಲೋರಾ ಎಂಬ ನಿಸ್ತಂತು ವಿಧಾನ ಉಪಯುಕ್ತ. ಭಾರತದಲ್ಲಿ ಇದು ಬಳಸುವ 865ರಿಂದ 867 ಮೆಗಾಹರ್ಟ್ಸ್ ತರಂಗ ಪಟ್ಟಿಗೆ ನಿಗದಿತ ಶಕ್ತಿಮಿತಿಯೊಳಗೆ ಪರವಾನಗಿ ಬೇಕಿಲ್ಲ.

ನಿಯಂತ್ರಣ ಬೇರೆ, ವೀಕ್ಷಣೆ ಬೇರೆ

ಇಲ್ಲಿ ಉದ್ಯಮಿಗಳು ಮುಖ್ಯವಾಗಿ ಗ್ರಹಿಸಬೇಕಾದ ತತ್ವವೊಂದಿದೆ. ಯಂತ್ರವನ್ನು ನಡೆಸುವ ಕೆಲಸ ಬೇರೆ, ಯಂತ್ರವನ್ನು ನೋಡುವ ಕೆಲಸ ಬೇರೆ. ಪಿ.ಎಲ್.ಸಿ.ಯು ತನ್ನ ಕಾರ್ಯಕ್ರಮವನ್ನು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಕಾಲದಲ್ಲಿ ಒಮ್ಮೆ ಪೂರ್ತಿ ಓದಿ ಮುಗಿಸುತ್ತದೆ. ಅಂತರಜಾಲದ ಮೂಲಕ ಹೋಗಿಬರುವ ಆದೇಶಕ್ಕೆ ಅಂತಹ ಖಚಿತ ಕಾಲಮಿತಿ ಇಲ್ಲ. ಒಮ್ಮೆ ಕ್ಷಣದಲ್ಲಿ ಬರಬಹುದು, ಇನ್ನೊಮ್ಮೆ ಬಾರದೆಯೂ ಇರಬಹುದು. ಆದುದರಿಂದ ಯಂತ್ರದ ಓಟಕ್ಕೆ ಸಂಬಂಧಿಸಿದ ಎಲ್ಲ ನಿರ್ಧಾರಗಳೂ ಯಂತ್ರದ ಬಳಿಯ ನಿಯಂತ್ರಕದಲ್ಲಿಯೇ ಉಳಿಯಬೇಕು. ಅಂತರಜಾಲ ಕಡಿದರೂ ಪಾಳಿ ನಿಲ್ಲಬಾರದು.

ತುರ್ತು ನಿಲುಗಡೆಯ ಗುಂಡಿ, ಪ್ರೆಸ್‌ನ ಎರಡು ಕೈಗಳ ಚಾಲನೆ, ಬಾಯ್ಲರಿನ ಸುರಕ್ಷತಾ ಕವಾಟ ಇವು ಯಾವ ಕಾರಣಕ್ಕೂ ಜಾಲದ ಅಥವಾ ಗಣಕ ಪರದೆಯ ಮರ್ಜಿಗೆ ಒಳಪಡಬಾರದು. ಆಧುನೀಕರಣದ ಭರದಲ್ಲಿ ಹಳೆಯ ಸುರಕ್ಷತಾ ತಂತಿ ಜೋಡಣೆಯನ್ನು ಅನಗತ್ಯವೆಂದು ಕಿತ್ತುಹಾಕಿದರೆ, ಅದರ ಬೆಲೆಯನ್ನು ತೆರುವವನು ಯಂತ್ರದ ಮುಂದೆ ನಿಂತಿರುವ ಕಾರ್ಮಿಕ.

ಎಲ್ಲಿಂದ ಆರಂಭಿಸಬೇಕು

ಅನುಭವಿಗಳು ಒಪ್ಪುವಂತೆ ಮೊದಲು ಅಳೆಯಬೇಕಾದುದು ವಿದ್ಯುತ್. ಕಾರಣ ಸರಳ. ವಿದ್ಯುತ್ತಿನ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ, ಆದುದರಿಂದ ಉಳಿತಾಯವಾಯಿತೇ ಇಲ್ಲವೇ ಎಂಬುದನ್ನು ಯಾರೂ ಅಡಗಿಸಲಾರರು. ಅಧಿಕ ಒತ್ತಡದ ಸಂಪರ್ಕ ಹೊಂದಿರುವ ಘಟಕಗಳಿಗೆ ಬಳಸಿದ ಯೂನಿಟ್ಟುಗಳ ಜೊತೆಗೆ ಗರಿಷ್ಠ ಬೇಡಿಕೆಯ ಮೇಲೂ ಶುಲ್ಕವಿದೆ. ಒಪ್ಪಂದದ ಬೇಡಿಕೆಯನ್ನು ಮೀರಿದರೆ ದಂಡದ ದರ ಬೀಳುತ್ತದೆ. ಬೆಳಿಗ್ಗೆ ಪಾಳಿ ಆರಂಭವಾದೊಡನೆ ಕುಲುಮೆ, ಕಂಪ್ರೆಸರ್, ದೊಡ್ಡ ಮೋಟಾರುಗಳು ಒಟ್ಟಿಗೆ ಚಾಲನೆಗೊಂಡರೆ ಆ ಕೆಲವು ನಿಮಿಷಗಳ ಏರಿಕೆ ಇಡೀ ತಿಂಗಳ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರತಿ ವಿಭಾಗಕ್ಕೂ ಮೀಟರು ಅಳವಡಿಸಿ ಬೇಡಿಕೆಯ ರೇಖೆಯನ್ನು ಪರದೆಯ ಮೇಲೆ ನೋಡಿದರೆ, ಯಾವ ಯಂತ್ರವನ್ನು ಹತ್ತು ನಿಮಿಷ ತಡವಾಗಿ ಆರಂಭಿಸಬೇಕೆಂಬುದು ತಾನಾಗಿಯೇ ಗೋಚರಿಸುತ್ತದೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಮೇಲ್ವಿಚಾರಕನ ಗಡಿಯಾರ ಸಾಕು.

ಎರಡನೆಯದು ಸಂಕುಚಿತ ಗಾಳಿ. ನಿಗಾ ಇಲ್ಲದ ಘಟಕಗಳಲ್ಲಿ ಕಂಪ್ರೆಸರ್ ಉತ್ಪಾದಿಸುವ ಗಾಳಿಯಲ್ಲಿ ಶೇಕಡಾ 20ರಿಂದ 30ರಷ್ಟು ಸೋರಿಹೋಗುವುದು ಅಪರೂಪವಲ್ಲ. ಸೋರಿಕೆಯನ್ನು ಸರಿಪಡಿಸುವ ಬದಲು ಒತ್ತಡವನ್ನೇ ಹೆಚ್ಚಿಸುವುದು ಅನೇಕರ ರೂಢಿ. ಪ್ರತಿ ಒಂದು ಬಾರ್ ಹೆಚ್ಚುವರಿ ಒತ್ತಡಕ್ಕೆ ಸುಮಾರು ಶೇಕಡಾ 7ರಷ್ಟು ವಿದ್ಯುತ್ ಹೆಚ್ಚು ಖರ್ಚಾಗುತ್ತದೆ. ಭಾನುವಾರ ಕಾರ್ಖಾನೆ ಮುಚ್ಚಿರುವಾಗ ಕಂಪ್ರೆಸರನ್ನು ಒಂದು ಗಂಟೆ ನಡೆಸಿ ಅದು ಎಷ್ಟು ನಿಮಿಷ ಭಾರ ಹೊತ್ತು ಓಡಿತು ಎಂದು ದಾಖಲಿಸಿದರೆ ಸೋರಿಕೆಯ ಪ್ರಮಾಣ ಬಯಲಾಗುತ್ತದೆ.

ಮೂರನೆಯದು ಯಂತ್ರದ ನಿಲುಗಡೆಯ ಕಾಲ. ಜಪಾನಿನ ಸೇಯಿಚಿ ನಕಾಜಿಮಾ ಅವರು ಪ್ರಚಾರಕ್ಕೆ ತಂದ ಓ.ಇ.ಇ. ಎಂಬ ಸೂಚ್ಯಂಕವನ್ನು ಇದಕ್ಕಾಗಿ ಬಳಸಲಾಗುತ್ತದೆ. ಒಂದು ಪಾಳಿಯಲ್ಲಿ ವಿರಾಮ ಕಳೆದು 450 ನಿಮಿಷ ಕೆಲಸಕ್ಕೆ ಲಭ್ಯವೆಂದೂ, ಅಚ್ಚು ಬದಲಾವಣೆ, ಕಚ್ಚಾ ಸಾಮಗ್ರಿಯ ಕೊರತೆ, ದುರಸ್ತಿ ಇವುಗಳಿಂದ 90 ನಿಮಿಷ ನಷ್ಟವಾಯಿತೆಂದೂ ಭಾವಿಸಬಹುದು. ಯಂತ್ರ ಓಡಿದ್ದು 360 ನಿಮಿಷ, ಅಂದರೆ ಲಭ್ಯತೆ ಶೇಕಡಾ 80. ನಿಮಿಷಕ್ಕೆ ಒಂದರಂತೆ 360 ಬಿಡಿಭಾಗ ಬರಬೇಕಾಗಿದ್ದು 306 ಮಾತ್ರ ಬಂದರೆ ಕಾರ್ಯವೇಗ ಶೇಕಡಾ 85. ಅವುಗಳಲ್ಲಿ 6 ತಿರಸ್ಕೃತವಾದರೆ ಗುಣಮಟ್ಟ ಶೇಕಡಾ 98. ಮೂರನ್ನೂ ಗುಣಿಸಿದರೆ ಸಿಗುವುದು ಸುಮಾರು ಶೇಕಡಾ 67. ಯಂತ್ರ ದಿನವಿಡೀ ಓಡುತ್ತಿದೆ ಎಂದು ಮಾಲೀಕನಿಗೆ ಅನ್ನಿಸಿದರೂ, ಮೂರನೆಯ ಒಂದು ಭಾಗ ಕಾಲ ಕೈಜಾರಿದೆ ಎಂಬುದು ಇದರ ಅರ್ಥ. ಇಷ್ಟನ್ನು ತಿಳಿಯಲು ಎಲ್ಲ ಸಂದರ್ಭಗಳಲ್ಲೂ ಜಾಲ ಬೇಕೆಂದಿಲ್ಲ. ಎರಡು ವಾರ ಕಾಗದದ ಮೇಲೆ ಪ್ರಾಮಾಣಿಕವಾಗಿ ಬರೆದಿಟ್ಟರೂ ಸಾಕು. ಕಾಗದದ ಲೆಕ್ಕ ಇಡಲಾಗದ ಕಾರ್ಖಾನೆಗೆ ಗಣಕದ ಲೆಕ್ಕವೂ ಹೆಚ್ಚಿನ ಪ್ರಯೋಜನ ನೀಡದು.

ಹೂಡಿಕೆ ಮರಳುವ ಲೆಕ್ಕ

ಮಾರಾಟಗಾರರು ನೀಡುವ ಲಾಭದ ಲೆಕ್ಕವನ್ನು ಉದ್ಯಮಿಯು ತನ್ನ ಲೆಕ್ಕಪುಸ್ತಕದ ಎದುರು ಇಟ್ಟು ಪರೀಕ್ಷಿಸಬೇಕು. ಕೇವಲ ವಿವರಣೆಗಾಗಿ ಹತ್ತು ಯಂತ್ರಗಳ ಒಂದು ಘಟಕವನ್ನು ಊಹಿಸಬಹುದು. ಸಂವೇದಕ, ಗೇಟ್‌ವೇ, ತಂತಿ, ಜೋಡಣೆ ಎಲ್ಲ ಸೇರಿ 6 ಲಕ್ಷ ರೂಪಾಯಿ ಹೂಡಿಕೆ. ಚಂದಾ, ಸಂಪರ್ಕ, ನಿರ್ವಹಣೆಗಾಗಿ ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿ. ಪ್ರತಿ ಯಂತ್ರದಲ್ಲಿ ದಿನಕ್ಕೆ ಅರ್ಧ ಗಂಟೆ ಉಳಿದರೆ ವರ್ಷದ 300 ದಿನಗಳಿಗೆ ಒಟ್ಟು 1,500 ಗಂಟೆ. ಗಂಟೆಗೆ 500 ರೂಪಾಯಿ ಯಂತ್ರದರದಂತೆ 7 ಲಕ್ಷ 50 ಸಾವಿರ ರೂಪಾಯಿ. ವಾರ್ಷಿಕ ಖರ್ಚು ಕಳೆದರೆ 6 ಲಕ್ಷ 30 ಸಾವಿರ. ಒಂದು ವರ್ಷದೊಳಗೆ ಹಣ ವಾಪಸು ಎಂದು ಮಾರಾಟಗಾರನ ಪರದೆ ತೋರಿಸುತ್ತದೆ.

ಈ ಲೆಕ್ಕದಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ಯಂತ್ರದರದಲ್ಲಿ ಬಾಡಿಗೆ, ಸವಕಳಿ, ಖಾಯಂ ಸಂಬಳ ಎಲ್ಲವೂ ಸೇರಿರುತ್ತವೆ. ಗಂಟೆ ಉಳಿದರೂ ಉಳಿಯದಿದ್ದರೂ ಅವು ಖರ್ಚಾಗುವಂಥವೇ. ಜೊತೆಗೆ ಹೆಚ್ಚುವರಿ ಗಂಟೆಗೆ ವಿದ್ಯುತ್ ಹಾಗೂ ಉಪಕರಣದ ಖರ್ಚು ಬೀಳುತ್ತದೆ. ಆದುದರಿಂದ ಉಳಿದ ಗಂಟೆಯಲ್ಲಿ ತಯಾರಾದ ಸರಕು ಮಾರಾಟವಾದಾಗ ಬರುವ ನಿವ್ವಳ ಕೊಡುಗೆಯನ್ನಷ್ಟೇ ಪರಿಗಣಿಸಬೇಕು. ಅದು ಗಂಟೆಗೆ 350 ರೂಪಾಯಿ ಎಂದಿಟ್ಟುಕೊಳ್ಳಬಹುದು. ಎರಡನೆಯದಾಗಿ, ಉಳಿದ ಗಂಟೆಗಳಿಗೆಲ್ಲ ಕೆಲಸ ಇರಬೇಕಲ್ಲ? ಹತ್ತರಲ್ಲಿ ನಾಲ್ಕು ಯಂತ್ರಗಳ ಮುಂದೆ ಮಾತ್ರ ಕೆಲಸ ಕಾದು ನಿಂತಿದ್ದರೆ, ಬೆಲೆ ಇರುವುದು ಆ ನಾಲ್ಕರ 600 ಗಂಟೆಗಳಿಗೆ ಮಾತ್ರ. ಆಗ ಲಾಭ 2 ಲಕ್ಷ 10 ಸಾವಿರ, ವಾರ್ಷಿಕ ಖರ್ಚು ಕಳೆದು ಉಳಿಯುವುದು 90 ಸಾವಿರ. ಹೂಡಿಕೆ ಮರಳಲು ಆರು ವರ್ಷ ಎಂಟು ತಿಂಗಳು ಬೇಕು. ಅಷ್ಟರಲ್ಲಿ ಉಪಕರಣಗಳೇ ಹಳೆಯದಾಗಿರುತ್ತವೆ.

ಅದೇ ಉದ್ಯಮಿ ಕೆಲಸ ಕಟ್ಟಿಕೊಂಡು ನಿಂತಿರುವ ಆ ನಾಲ್ಕು ಯಂತ್ರಗಳಿಗೆ ಮಾತ್ರ 3 ಲಕ್ಷ ಹೂಡಿ, ವರ್ಷಕ್ಕೆ 60 ಸಾವಿರ ಖರ್ಚು ಮಾಡಿದರೆ ನಿವ್ವಳ ಲಾಭ 1 ಲಕ್ಷ 50 ಸಾವಿರ. ಹೂಡಿಕೆ ಎರಡೇ ವರ್ಷಗಳಲ್ಲಿ ಮರಳುತ್ತದೆ. ತಂತ್ರಜ್ಞಾನ ಒಂದೇ, ಮಾರಾಟಗಾರ ಒಬ್ಬನೇ, ಫಲ ಮಾತ್ರ ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಲೆಕ್ಕಪತ್ರ ಮತ್ತು ತೆರಿಗೆ

ಬಿಲ್ಲನ್ನು ಒಟ್ಟು ಮೊತ್ತವಾಗಿ ಪಡೆಯದೆ ಯಂತ್ರಾಂಶ, ತಂತ್ರಾಂಶ, ಜೋಡಣೆ, ವಾರ್ಷಿಕ ಸೇವೆ ಎಂದು ವಿಂಗಡಿಸಿ ಪಡೆಯುವುದು ಅಗತ್ಯ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳ ಸವಕಳಿ ದರ ಶೇಕಡಾ 15, ಗಣಕ ಮತ್ತು ಗಣಕ ತಂತ್ರಾಂಶಗಳಿಗೆ ಶೇಕಡಾ 40. ಯಂತ್ರದ ಒಡಲಿನಲ್ಲೇ ಸೇರಿಕೊಂಡ ನಿಯಂತ್ರಕವನ್ನು ಯಂತ್ರದ ಭಾಗವೆಂದು ಪರಿಗಣಿಸುವುದೇ ವಿವಾದಕ್ಕೆ ಎಡೆಯಿಲ್ಲದ ಮಾರ್ಗ. ಪ್ರತ್ಯೇಕ ಸರ್ವರ್, ಪ್ರತ್ಯೇಕ ತಂತ್ರಾಂಶಗಳಿಗೆ ಹೆಚ್ಚಿನ ದರ ಅನ್ವಯಿಸುತ್ತದೆ. ಬಿಲ್ಲಿನಲ್ಲಿ ವಿಂಗಡಣೆ ಇಲ್ಲದಿದ್ದರೆ ಈ ವ್ಯತ್ಯಾಸದ ಪ್ರಯೋಜನ ಕೈತಪ್ಪುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಕಾಲ ಬಳಕೆಯಾದ ಹೊಸ ಆಸ್ತಿಗೆ ಅರ್ಧ ದರ ಮಾತ್ರ ಸಿಗುವುದರಿಂದ ಅಕ್ಟೋಬರ್ ಆರಂಭದೊಳಗೆ ಚಾಲನೆಗೊಳಿಸುವುದು ಲಾಭಕರ.

ಕಂಪನಿಗಳ ಕಾಯಿದೆ 2013ರ ಎರಡನೆಯ ಅನುಸೂಚಿಯಂತೆ ಸಾಮಾನ್ಯ ಯಂತ್ರಗಳ ಉಪಯುಕ್ತ ಆಯುಸ್ಸು 15 ವರ್ಷ, ಸರ್ವರ್ ಮತ್ತು ಜಾಲೋಪಕರಣಗಳದು 6 ವರ್ಷ, ಮೇಜಿನ ಗಣಕಗಳದು 3 ವರ್ಷ. ಮಾಸಿಕ ಚಂದಾ ಪಾವತಿಸಿ ಬಳಸುವ ತಂತ್ರಾಂಶ ಆಸ್ತಿಯಾಗುವುದಿಲ್ಲ, ಅದು ಆಯಾ ವರ್ಷದ ಖರ್ಚು. ಸರಕು ಮತ್ತು ಸೇವಾ ತೆರಿಗೆಯ ಹುಟ್ಟುವಳಿ ಜಮೆ ಪಡೆದ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಅದರ ಮೇಲೂ ಸವಕಳಿ ಪಡೆಯುವಂತಿಲ್ಲ. ವಿದೇಶಿ ಸಂಸ್ಥೆಯಿಂದ ನೇರವಾಗಿ ಸೇವೆ ಖರೀದಿಸಿದರೆ ಹಿಮ್ಮುಖ ತೆರಿಗೆಯ ಹೊಣೆ ಖರೀದಿದಾರನ ಮೇಲೆ ಬೀಳುವುದನ್ನು ಅನೇಕರು ಮರೆಯುತ್ತಾರೆ.

ಭದ್ರತೆ: ಉಪೇಕ್ಷೆಗೆ ತೆರುವ ಬೆಲೆ

ಸಣ್ಣ ಕಾರ್ಖಾನೆಯ ಮೇಲೆ ಯಾರು ದಾಳಿ ಮಾಡುತ್ತಾರೆ ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಬಹುಪಾಲು ವೈರಸ್‌ಗಳು ವಿಳಾಸ ನೋಡಿ ಬರುವುದಿಲ್ಲ, ತೆರೆದ ಬಾಗಿಲು ನೋಡಿ ಬರುತ್ತವೆ. ತೈವಾನಿನ ಪ್ರಸಿದ್ಧ ಚಿಪ್ ತಯಾರಕ ಟಿ.ಎಸ್.ಎಂ.ಸಿ. ಸಂಸ್ಥೆಯಲ್ಲಿ 2018ರ ಆಗಸ್ಟ್‌ನಲ್ಲಿ ಹೊಸ ಯಂತ್ರವೊಂದನ್ನು ವೈರಸ್ ತಪಾಸಣೆ ಇಲ್ಲದೆ ಜಾಲಕ್ಕೆ ಜೋಡಿಸಿದ್ದರಿಂದ ವಾನಾಕ್ರೈ ವರ್ಗದ ವೈರಸ್ ಹರಡಿ ಹಲವು ಘಟಕಗಳಲ್ಲಿ ಉತ್ಪಾದನೆ ನಿಂತಿತು. ನಾರ್ವೆಯ ಅಲ್ಯೂಮಿನಿಯಂ ಸಂಸ್ಥೆ ನಾರ್ಸ್ಕ್ ಹೈಡ್ರೋ 2019ರ ಮಾರ್ಚ್‌ನಲ್ಲಿ ಒತ್ತೆಹಣದ ವೈರಸ್‌ಗೆ ತುತ್ತಾಯಿತು. ಸಂಸ್ಥೆಯು ಒತ್ತೆಹಣ ನೀಡದೆ, ಕೆಲವು ಘಟಕಗಳನ್ನು ಕೈಯಿಂದಲೇ ನಡೆಸಿ, ಕಾಪಿಟ್ಟ ಪ್ರತಿಗಳಿಂದ ವ್ಯವಸ್ಥೆಯನ್ನು ಪುನಃ ಕಟ್ಟಿಕೊಂಡಿತು. ಕೈಯಿಂದ ನಡೆಸಬಲ್ಲ ಅನುಭವಿ ಕೆಲಸಗಾರರೂ ಕಾಪಿಟ್ಟ ಪ್ರತಿಯೂ ಇಲ್ಲದಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇರಾನಿನ ನತಾಂಜ್ ಘಟಕವನ್ನು, ಅದು ಅಂತರಜಾಲಕ್ಕೆ ಜೋಡಣೆಯಾಗಿರದಿದ್ದರೂ ತಲುಪಿತು. ಪೆನ್ ಡ್ರೈವ್ ಕೂಡ ಒಂದು ಬಾಗಿಲೇ.

ನಮ್ಮ ಕಾರ್ಖಾನೆಗಳಲ್ಲಿ ವಿಂಡೋಸ್ ಎಕ್ಸ್‌ಪಿ ಗಣಕಗಳ ಮೇಲೆ ಸ್ಕಾಡಾ ನಡೆಯುತ್ತಿರುವುದನ್ನು ಈಗಲೂ ಕಾಣಬಹುದು. ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ಇಂತಹ ಗಣಕವನ್ನು ಬದಲಾಯಿಸಲಾಗದಿದ್ದರೆ ಕನಿಷ್ಠ ಪಕ್ಷ ಅಂತರಜಾಲದಿಂದ ದೂರವಿಡಬೇಕು. ಕಚೇರಿಯ ಜಾಲ ಹಾಗೂ ಯಂತ್ರಗಳ ಜಾಲವನ್ನು ಫೈರ್‌ವಾಲ್ ಮೂಲಕ ಬೇರ್ಪಡಿಸಬೇಕು. ಗೇಟ್‌ವೇಗೆ ಓದುವ ಅಧಿಕಾರ ಮಾತ್ರ ನೀಡಬೇಕು, ಬರೆಯುವ ಅಧಿಕಾರ ಬೇಡ. ತಯಾರಕರು ಇಟ್ಟುಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಬೇಕು. ದೂರದಿಂದ ದುರಸ್ತಿ ಮಾಡುವವರಿಗೆ ಸಂಪರ್ಕವನ್ನು ಕೆಲಸದ ವೇಳೆಗೆ ಮಾತ್ರ ತೆರೆದು ಮುಗಿದ ಮೇಲೆ ಮುಚ್ಚಬೇಕು. ಪಿ.ಎಲ್.ಸಿ. ಕಾರ್ಯಕ್ರಮದ ಪ್ರತಿಯನ್ನು ಜಾಲದ ಹೊರಗೆ ಬೀಗದೊಳಗಿಡಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಕಾನೂನಿನ ಹೊಣೆಯೂ ಇದೆ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿಯ ಸಂಗತಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಗಣಕಗಳ ದಾಖಲೆಗಳನ್ನು 180 ದಿನ ಕಾಪಾಡಬೇಕು. ವಸ್ತುಜಾಲದ ಮೇಲಿನ ದಾಳಿಯೂ ಆ ಪಟ್ಟಿಯಲ್ಲಿದೆ. ಸಣ್ಣ ಉದ್ಯಮಗಳಿಗೆ ನೀಡಿದ್ದ ಹೆಚ್ಚುವರಿ ಕಾಲಾವಕಾಶ 2022ರ ಸೆಪ್ಟೆಂಬರ್‌ನಲ್ಲಿಯೇ ಮುಗಿದಿದೆ.

ಒಪ್ಪಂದದಲ್ಲಿ ಇರಲೇಬೇಕಾದ ಅಂಶಗಳು

ಗೂಗಲ್ ಸಂಸ್ಥೆಯು ತನ್ನ ಐ.ಓ.ಟಿ. ಕೋರ್ ಎಂಬ ಸೇವೆಯನ್ನು ಒಂದು ವರ್ಷದ ಸೂಚನೆ ನೀಡಿ 2023ರ ಆಗಸ್ಟ್‌ನಲ್ಲಿ ಸ್ಥಗಿತಗೊಳಿಸಿತು. ಜಗತ್ತಿನ ದೊಡ್ಡ ಸಂಸ್ಥೆಯೇ ಸೇವೆಯನ್ನು ಹಿಂತೆಗೆದುಕೊಳ್ಳಬಹುದಾದರೆ ಸಣ್ಣ ತಂತ್ರಾಂಶ ಕಂಪನಿಗಳ ಆಯುಸ್ಸಿನ ಬಗ್ಗೆ ಎಚ್ಚರ ಸಹಜವಾಗಿಯೇ ಇರಬೇಕು. ಆದುದರಿಂದ ಖರೀದಿ ಆದೇಶದಲ್ಲಿ ಈ ಕೆಳಗಿನ ಅಂಶಗಳನ್ನು ಸ್ಪಷ್ಟವಾಗಿ ಬರೆಸುವುದು ಅವಶ್ಯ.

1. ಮಾಹಿತಿಯ ಒಡೆತನ ಕಾರ್ಖಾನೆಯದು. ಸೇವೆ ಮುಗಿದಾಗ ಎಲ್ಲ ಮಾಹಿತಿಯನ್ನು ಸಾಮಾನ್ಯ ಗಣಕ ಕಡತದ ರೂಪದಲ್ಲಿ ಹಿಂದಿರುಗಿಸಬೇಕು.

2. ನಿಯಂತ್ರಕದ ಕಾರ್ಯಕ್ರಮದ ಮೂಲ ಪ್ರತಿ, ಅದರ ಗುಪ್ತಪದ ಮತ್ತು ತಂತಿ ಜೋಡಣೆಯ ನಕ್ಷೆಯನ್ನು ಅಂತಿಮ ಕಂತು ಪಾವತಿಗೆ ಮುನ್ನ ಒಪ್ಪಿಸಬೇಕು. ಇವಿಲ್ಲದಿದ್ದರೆ ಪ್ರತಿ ಸಣ್ಣ ಬದಲಾವಣೆಗೂ ಅದೇ ಗುತ್ತಿಗೆದಾರನ ಬಾಗಿಲಿಗೆ ಹೋಗಬೇಕಾಗುತ್ತದೆ.

3. ಮೋಡ್‌ಬಸ್, ಓ.ಪಿ.ಸಿ. ಯು.ಎ., ಎಂ.ಕ್ಯು.ಟಿ.ಟಿ.ಯಂತಹ ಮುಕ್ತ ವಿಧಾನಗಳನ್ನೇ ಬಳಸಬೇಕು.

4. ಅಂತರಜಾಲ ಕಡಿದಾಗ ಗೇಟ್‌ವೇ ತನ್ನಲ್ಲೇ ಮಾಹಿತಿಯನ್ನು ಸಂಗ್ರಹಿಸಿ ಸಂಪರ್ಕ ಮರಳಿದಾಗ ಕಳುಹಿಸಬೇಕು.

5. ಚಂದಾ ದರದ ವಾರ್ಷಿಕ ಏರಿಕೆಗೆ ಮಿತಿ ಇರಬೇಕು, ಬಿಡಿಭಾಗಗಳ ಲಭ್ಯತೆಗೆ ವರ್ಷಗಳ ಭರವಸೆ ಇರಬೇಕು.

ಕಾರ್ಮಿಕರ ವಿಶ್ವಾಸ

ಯಂತ್ರಕ್ಕೆ ಸಂವೇದಕ ಅಂಟಿಸಿದ ದಿನ ಕಾರ್ಮಿಕನ ಮನಸ್ಸಿನಲ್ಲಿ ಮೂಡುವ ಮೊದಲ ಶಂಕೆ ಇದು ತನ್ನನ್ನು ಹಿಡಿಯಲು ಹಾಕಿದ ಬಲೆ ಎಂಬುದು. ಈ ಶಂಕೆ ನಿವಾರಣೆಯಾಗದಿದ್ದರೆ ನಿಲುಗಡೆಯ ಕಾರಣ ನಮೂದಿಸುವ ಗುಂಡಿಗಳಲ್ಲಿ ‘ಇತರೆ’ ಎಂಬುದೊಂದೇ ಒತ್ತಲ್ಪಡುತ್ತದೆ, ಸಂಗ್ರಹವಾದ ಮಾಹಿತಿ ಕಸವಾಗುತ್ತದೆ. ಸಂವೇದಕವು ಯಂತ್ರ ನಿಂತಿತು ಎಂದಷ್ಟೇ ಹೇಳಬಲ್ಲದು, ಏಕೆ ನಿಂತಿತು ಎಂಬುದನ್ನು ಹೇಳಬಲ್ಲವನು ಯಂತ್ರದ ಮುಂದೆ ನಿಂತವನು ಮಾತ್ರ. ಮೊದಲ ಮೂರು ತಿಂಗಳ ಅಂಕಿಗಳನ್ನು ಯಾರ ಸಂಬಳಕ್ಕೂ ಶಿಕ್ಷೆಗೂ ಬಳಸುವುದಿಲ್ಲ ಎಂದು ಘೋಷಿಸಿ, ಪರದೆಯನ್ನು ಮಾಲೀಕನ ಕೋಣೆಗಿಂತ ಮೊದಲು ಕಾರ್ಯಾಗಾರದಲ್ಲಿ ಕನ್ನಡದಲ್ಲಿ ತೋರಿಸಿದರೆ ಸಹಕಾರ ದೊರೆಯುತ್ತದೆ. ಅಂಕಿಗಳು ಬಂದ ಮೇಲೆ ತಿಳಿಯುವುದೇನೆಂದರೆ, ನಿಲುಗಡೆಗೆ ಹಲವು ಬಾರಿ ಕಾರಣ ಕಚ್ಚಾ ಸಾಮಗ್ರಿ, ಅಚ್ಚು, ಕ್ರೇನ್‌ಗಾಗಿ ಕಾಯುವಿಕೆ, ಅಂದರೆ ಆಡಳಿತದ ಲೋಪವೇ ಹೊರತು ಕಾರ್ಮಿಕನ ಸೋಮಾರಿತನವಲ್ಲ. ಇದನ್ನು ಒಪ್ಪಿಕೊಳ್ಳುವ ಮನಸ್ಸು ಮಾಲೀಕನಿಗೂ ಇರಬೇಕು.

ದೊರೆಯುವ ನೆರವು

ಕೇಂದ್ರದ ಬೃಹತ್ ಕೈಗಾರಿಕಾ ಸಚಿವಾಲಯದ ಸಮರ್ಥ್ ಉದ್ಯೋಗ್ ಭಾರತ್ 4.0 ಕಾರ್ಯಕ್ರಮದಡಿ ಸ್ಥಾಪಿತವಾದ ಕೇಂದ್ರಗಳಲ್ಲಿ ಎರಡು ಬೆಂಗಳೂರಿನಲ್ಲಿಯೇ ಇವೆ. ಒಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಅಂದರೆ ಸಿ.ಎಂ.ಟಿ.ಐ.ನಲ್ಲಿ. ಹಣ ಹೂಡುವ ಮುನ್ನ ಪ್ರಾತ್ಯಕ್ಷಿಕೆಯನ್ನು ಕಣ್ಣಾರೆ ನೋಡಿ ಬರುವುದು ಪೀಣ್ಯದ ಉದ್ಯಮಿಗೆ ಅರ್ಧ ದಿನದ ಕೆಲಸ. ಆಸ್ತಿ ಅಡಮಾನವಿಲ್ಲದ ಸಾಲಕ್ಕೆ ಸಿ.ಜಿ.ಟಿ.ಎಂ.ಎಸ್.ಇ. ಖಾತರಿಯ ಮಿತಿಯನ್ನು 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿಗೆ ಏರಿಸಲಾಗಿದೆ. ಅದೇ ದಿನಾಂಕದಿಂದ ಸಣ್ಣ ಉದ್ಯಮದ ಹೂಡಿಕೆ ಮಿತಿಯನ್ನು 25 ಕೋಟಿಗೂ ವಹಿವಾಟಿನ ಮಿತಿಯನ್ನು 100 ಕೋಟಿಗೂ ಹೆಚ್ಚಿಸಿರುವುದರಿಂದ ಆಧುನೀಕರಣಕ್ಕೆ ಹೂಡಿಕೆ ಮಾಡಿದರೆ ಸಣ್ಣ ಉದ್ಯಮದ ಸ್ಥಾನಮಾನ ತಪ್ಪೀತೆಂಬ ಹಿಂದಿನ ಭಯಕ್ಕೆ ಈಗ ಹೆಚ್ಚು ಆಧಾರವಿಲ್ಲ.

ಉಪಸಂಹಾರ

ಸಂಕ್ಷೇಪವಾಗಿ ಹೇಳುವುದಾದರೆ, ಮೊದಲ ತಿಂಗಳು ಕಾಗದದ ಮೇಲೆ ನಿಲುಗಡೆಗಳನ್ನು ಬರೆದಿಡುವುದು, ನಂತರ ವಿದ್ಯುತ್ ಮೀಟರುಗಳನ್ನು ಅಳವಡಿಸುವುದು, ಅನಂತರ ಕೆಲಸ ಕಟ್ಟಿಕೊಂಡಿರುವ ಒಂದೆರಡು ಯಂತ್ರಗಳನ್ನು ಜೋಡಿಸುವುದು, ಆರು ತಿಂಗಳ ಅಂಕಿಗಳನ್ನು ಲೆಕ್ಕಪುಸ್ತಕದೊಡನೆ ತಾಳೆನೋಡಿ ಆಮೇಲೆ ಮಾತ್ರ ವಿಸ್ತರಿಸುವುದು ಸುರಕ್ಷಿತ ಕ್ರಮ. ಬಿಡಿಭಾಗ ಸಿಗದ ಫಲಕವೊಂದಿದ್ದರೆ ಅದರ ಬದಲಾವಣೆ ಈ ಸರದಿಗೆ ಕಾಯಬೇಕಿಲ್ಲ. ಅದು ಕೆಟ್ಟು ನಿಲ್ಲುವ ಮೊದಲೇ, ಕೆಲಸ ಕಡಿಮೆಯಿರುವ ವಾರ ನೋಡಿ ಮಾಡಿಸುವುದು ಜಾಣತನ. ಯಂತ್ರದಿಂದ ಹೊರಬರುವ ಅಂಕಿ ತಾನಾಗಿಯೇ ಲಾಭ ತಂದುಕೊಡುವುದಿಲ್ಲ. ಆ ಅಂಕಿಯನ್ನು ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷ ನೋಡಿ, ಒಂದು ತೀರ್ಮಾನ ಕೈಗೊಂಡು, ಅದನ್ನು ಸಂಜೆಯೊಳಗೆ ಜಾರಿಗೆ ತರುವ ಶಿಸ್ತು ಇರುವ ಕಾರ್ಖಾನೆಗೆ ಮಾತ್ರ ಈ ಹೂಡಿಕೆ ಫಲ ನೀಡುತ್ತದೆ.